ಹಸಿ ಕಸ ಕೊಡುವ ಕ್ರಮ: ಚಿಕ್ಕಮಗಳೂರಿನ ಮನೆಗಳಿಗೆ

ಹಸಿ ಕಸದ ಬಕೆಟ್‌ಗೆ ಸೇರಬಾರದ್ದು ಮುಖ್ಯವಾಗಿ ಎರಡು: ನೀರು ಮತ್ತು ಪ್ಲಾಸ್ಟಿಕ್ ಕವರ್. ಇವೆರಡನ್ನು ಹೊರಗಿಟ್ಟರೆ ಮನೆಯೊಳಗಿನ ವಾಸನೆ, ಹುಳ, ನೊಣಗಳ ಕಾಟ ಬಹುಪಾಲು ಇಳಿಯುತ್ತದೆ. ಬೆಳಿಗ್ಗೆ ಬರುವ ನಗರಸಭೆ ಗಾಡಿಗೆ ಕೊಟ್ಟ ಕಸ ಗೊಬ್ಬರವಾಗುವ ದಾರಿಯೂ ತೆರೆದಿರುತ್ತದೆ. ಮಿಕ್ಕ ನಿಯಮಗಳೆಲ್ಲ ಇವೆರಡರ ಹಿಂದೆ ಬರುವಂಥವು.

ಕಸವನ್ನು ಮನೆಯಲ್ಲೇ ಬೇರೆ ಮಾಡಿ ಕೊಡುವುದು ಮನೆಯವರ ಹೊಣೆ ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಗಾಡಿ ಹತ್ತಿದ ಮೇಲೆ ಬೇರೆ ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಸಾಂಬಾರಿನಲ್ಲಿ ನೆಂದ ಪೇಪರ್, ಅನ್ನ ಮೆತ್ತಿದ ಕವರ್ ಒಮ್ಮೆ ಬೆರೆತರೆ ಪೇಪರ್ ಗುಜರಿಗೂ ಹೋಗದು, ಅನ್ನ ಗೊಬ್ಬರಕ್ಕೂ ಹೋಗದು. ಎರಡೂ ಸೇರಿ ಇಂದಾವರದ ವಿಲೇವಾರಿ ಘಟಕದಲ್ಲಿ ಗುಡ್ಡೆಯಾಗಿ ಕೂರುತ್ತವೆ.

ಬಕೆಟ್ ಮತ್ತು ಸಿಂಕ್ ಪಕ್ಕದ ಬುಟ್ಟಿ

ನಾಲ್ಕು ಜನರಿರುವ ಮನೆಯಲ್ಲಿ ದಿನಕ್ಕೆ ಮುಕ್ಕಾಲರಿಂದ ಒಂದು ಕೆ.ಜಿ.ಯಷ್ಟು ಹಸಿ ಕಸ ಬರುತ್ತದೆ. ನೀರು ಬಸಿದ ಮೇಲೆ ಅದು ಹೆಚ್ಚೆಂದರೆ 2 ಲೀಟರ್ ಜಾಗ ಹಿಡಿಯುತ್ತದೆ. ಮೂರು ನಾಲ್ಕು ದಿನ ಗಾಡಿ ಬಾರದಿದ್ದರೂ ತುಂಬಿ ಚೆಲ್ಲಬಾರದು ಅನ್ನುವ ಲೆಕ್ಕಕ್ಕೆ 10ರಿಂದ 12 ಲೀಟರಿನ, ಬಿಗಿ ಮುಚ್ಚಳದ ಬಕೆಟ್ ಸಾಕು. ಅದಕ್ಕಿಂತ ದೊಡ್ಡದು ಬೇಡ. ದೊಡ್ಡ ಬಕೆಟ್ ಇದ್ದ ಮನೆಯಲ್ಲಿ ‘ನಾಳೆ ಕೊಟ್ಟರಾಯಿತು’ ಎಂಬ ಮಾತು ಜಾಸ್ತಿ, ಕೆಳಗಿನ ಕಸ ವಾರಗಟ್ಟಲೆ ಅಲ್ಲೇ ಕೊಳೆಯುತ್ತದೆ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಎಂಬುದು ರೂಢಿ. ಹಳೆಯ ಪೇಂಟ್ ಡಬ್ಬಿಯನ್ನು ಚೆನ್ನಾಗಿ ತೊಳೆದು ಇಟ್ಟುಕೊಂಡರೂ ಏನೂ ತೊಂದರೆಯಿಲ್ಲ. ಮುಚ್ಚಳ ಮಾತ್ರ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಬೆಕ್ಕೋ ಇಲಿಯೋ ಮಂಗವೋ ಕೆಲಸ ಮುಗಿಸಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಸಿಂಕ್ ಪಕ್ಕದ ಸಣ್ಣ ಬುಟ್ಟಿ. ಸೊಪ್ಪು ತೊಳೆಯುವ ತೂತಿನ ಬುಟ್ಟಿ, 2 ಲೀಟರ್ ಹಿಡಿಯುವಂಥದ್ದು, ಕೆಳಗೊಂದು ತಟ್ಟೆ. ತರಕಾರಿ ಸಿಪ್ಪೆ, ಕಾಫಿ ಚರಟ, ತಟ್ಟೆಯಲ್ಲಿ ಉಳಿದದ್ದು ಎಲ್ಲ ಮೊದಲು ಇದಕ್ಕೆ ಬೀಳಲಿ. ರಾತ್ರಿ ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ನೀರು ಬಸಿದಿರುತ್ತದೆ, ಆಗ ದೊಡ್ಡ ಬಕೆಟ್‌ಗೆ ಸುರಿಯಿರಿ. ಬೆಳಗಿನ ಫಿಲ್ಟರ್ ಚರಟವನ್ನು ಬಿಸಿಯಾಗಿರುವಾಗಲೇ ಬಕೆಟ್‌ಗೆ ಬಡಿಯಬೇಡಿ, ಅದರ ಹಬೆ ಮುಚ್ಚಳದಡಿ ನೀರಾಗಿ ಕೆಳಗೆ ಇಳಿಯುತ್ತದೆ. ಉಳಿದ ಸಾರು, ಸಾಂಬಾರ್, ಮಜ್ಜಿಗೆಯನ್ನು ಸೋಸಿ ಹೋಳು ಮಾತ್ರ ಹಾಕಿ. ಸೋಸಿದ ತಿಳಿಯನ್ನು ಗಿಡಕ್ಕೆ ಸುರಿಯಬಾರದು, ಉಪ್ಪಿದೆ. ಸಿಂಕ್‌ಗೆ ಬಿಡಿ. ಅಕ್ಕಿ ತೊಳೆದ ನೀರು ಗಿಡಕ್ಕೆ ಒಳ್ಳೆಯದು, ಪಕ್ಕದಲ್ಲಿ ದನ ಕಟ್ಟಿದವರಿದ್ದರೆ ಅವರ ಕಲಗಚ್ಚಿಗೂ ಆಗುತ್ತದೆ.

ದೊಡ್ಡ ಬಕೆಟ್‌ನ ತಳಕ್ಕೆ ಎರಡು ಹಾಳೆ ದಿನಪತ್ರಿಕೆಯನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಅಂಚುಗಳನ್ನು ಬಕೆಟ್‌ನ ಬದಿಗೆ ಒತ್ತಿ. ಹೊಳಪಿನ ಪುರವಣಿ ಹಾಳೆ ಬೇಡ. ಪತ್ರಿಕೆಯ ಮೇಲೆ ಒಂದು ಹಿಡಿ ಕಾಫಿ ಹೊಟ್ಟು ಉದುರಿಸಿದರೆ ಇಳಿದ ನೀರನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಚಿಕ್ಕಮಗಳೂರಿನವರಿಗೆ ಹೊಟ್ಟು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ, ಕಾಫಿ ಬೀಜದ ಸಿಪ್ಪೆ ಬಿಡಿಸುವ ಕ್ಯೂರಿಂಗ್ ಘಟಕಗಳಿಂದ ಚೀಲಗಟ್ಟಲೆ ಹೊರಬೀಳುವ ವಸ್ತು ಅದು. ಸಿಗದವರು ಒಣ ಎಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಬಳಸಬಹುದು. ಪ್ಲೈವುಡ್ ಕೊಯ್ಯುವ ಅಂಗಡಿಯ ಹೊಟ್ಟು ಮಾತ್ರ ಬೇಡವೇ ಬೇಡ, ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ.

ಪ್ಲಾಸ್ಟಿಕ್ ಕವರ್ ಹಾಸಿದರೆ ಬಕೆಟ್ ತೊಳೆಯುವ ಕೆಲಸ ಉಳಿಯುತ್ತದೆ, ನಿಜ. ಆ ಕೆಲಸ ಪೌರಕಾರ್ಮಿಕರ ಕೈಗೆ ಹೋಗುತ್ತದೆ ಅಷ್ಟೆ: ಗಂಟು ಬಿಚ್ಚಬೇಕು, ಸುರಿಯಬೇಕು, ಅಂಟಿದ ಕವರನ್ನು ಬೇರೆಡೆಗೆ ಎಸೆಯಬೇಕು. ಒಂದು ವಾರ್ಡಿನಲ್ಲಿ ನೂರಾರು ಮನೆ. ಯಾರೂ ಬಿಚ್ಚುವುದಿಲ್ಲ, ಬಿಚ್ಚಿ ಎಂದು ಹೇಳುವ ಬಾಯಿಯೂ ನಮಗಿರಬಾರದು. ‘ಮಣ್ಣಿನಲ್ಲಿ ಕರಗುತ್ತದೆ’ ಎಂದು ಬರೆದ ಹಸಿರು ಚೀಲಗಳಿಗೂ ಇದೇ ಮಾತು. ಆ ಚೀಲಗಳಿಗೆ ಇರುವ ಮಾನದಂಡವೇ ನಿಯಂತ್ರಿತ ಬಿಸಿಯಲ್ಲಿ 180 ದಿನಗಳವರೆಗೆ ಕಾಲಾವಕಾಶ ಕೊಡುತ್ತದೆ, ಗೊಬ್ಬರದ ರಾಶಿ ಅದಕ್ಕಿಂತ ಬಹಳ ಮೊದಲೇ ಜರಡಿಗೆ ಬರುತ್ತದೆ. ಅಲ್ಲಿ ನಿಂತವರಿಗೆ ಇದು ಕರಗುವ ಚೀಲ, ಅದು ಕರಗದ್ದು ಎಂದು ಗುರುತೂ ಹತ್ತುವುದಿಲ್ಲ.

ಅನುಮಾನ ಬರುವ ವಸ್ತುಗಳು

ಸಿಪ್ಪೆ, ಹಣ್ಣು, ಅನ್ನ, ಚಪಾತಿ, ಸೊಪ್ಪಿನ ದಂಟು ಹಸಿ ಕಸ ಎಂಬುದರಲ್ಲಿ ಯಾರಿಗೂ ಗೊಂದಲವಿಲ್ಲ. ಗೊಂದಲ ಬರುವುದು ಬೇರೆ ಕಡೆ.

ತೆಂಗಿನ ಕರಟ, ಜುಟ್ಟು, ಎಳನೀರು ಬುರುಡೆ ಹುಟ್ಟಿನಿಂದ ಜೈವಿಕವೇ. ಆದರೆ ತಿಂಗಳೊಪ್ಪತ್ತಿನಲ್ಲಿ ಕೊಳೆಯುವುದಿಲ್ಲ, ಚೂರು ಮಾಡುವ ಯಂತ್ರದ ಹಲ್ಲು ಕೆಡಿಸುತ್ತವೆ. ಹಂಡೆ ಒಲೆ ಇನ್ನೂ ಉರಿಯುವ ಮನೆಗಳಲ್ಲಿ ಕರಟ ಕಸವಾಗುವ ಪ್ರಶ್ನೆಯೇ ಇಲ್ಲ. ಗ್ಯಾಸ್ ಗೀಸರ್ ಮನೆಯವರು ಕರಟ, ಜುಟ್ಟುಗಳನ್ನು ಬೇರೆ ಚೀಲದಲ್ಲಿ ಕೂಡಿಟ್ಟು ಒಣ ಕಸದ ದಿನ ಕೊಡಿ.

ಮೂಳೆ, ಮೀನಿನ ಮುಳ್ಳು, ಏಡಿ ಚಿಪ್ಪು, ಮೊಟ್ಟೆ ಚಿಪ್ಪು ಹಸಿ ಕಸದಲ್ಲೇ ಹೋಗಲಿ. ಮೀನು ಹೆಚ್ಚಿದ ಕರುಳು, ಕಿವಿರುಗಳನ್ನು ಹಿಂದಿನ ರಾತ್ರಿ ಬಕೆಟ್‌ಗೆ ಹಾಕಿದರೆ ಬೆಳಿಗ್ಗೆ ಮನೆಯಲ್ಲಿ ನಿಲ್ಲುವಂತಿರುವುದಿಲ್ಲ. ಒಂದು ಹಳೆಯ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ಗಾಡಿಯ ಹಾಡು ಕೇಳಿದ ಮೇಲೆ ತೆಗೆದು ಸುರಿಯಿರಿ. ಮೂಗು ಮುರಿಯುವವರು ಒಂದು ಭಾನುವಾರ ಮಾಡಿ ನೋಡಲಿ.

ಟೀ ಬ್ಯಾಗ್‌ಗಳ ಪೇಪರಿನಲ್ಲಿ ಅನೇಕ ಸಲ ಪ್ಲಾಸ್ಟಿಕ್ ಎಳೆ ಬೆರೆತಿರುತ್ತದೆ. ಹರಿದು ಪುಡಿಯನ್ನು ಮಾತ್ರ ಹಸಿ ಕಸಕ್ಕೆ ಹಾಕಿ. ಟೀ, ಕಾಫಿ ಕುಡಿದ ಪೇಪರ್ ಲೋಟದ ಒಳಮೈಗೂ ಪ್ಲಾಸ್ಟಿಕ್ ಪದರ ಇದೆ, ಅದು ಒಣ ಕಸ. ಆಪಲ್, ಕಿತ್ತಳೆ ಮೇಲಿನ ಸ್ಟಿಕ್ಕರ್ ಕಿತ್ತು ತೆಗೆಯಿರಿ. ಸೊಪ್ಪಿನ ಕಟ್ಟಿಗೆ ಬಾಳೆ ನಾರು ಕಟ್ಟಿದ್ದರೆ ಹಾಗೇ ಹಾಕಬಹುದು, ರಬ್ಬರ್ ಬ್ಯಾಂಡ್ ಇದ್ದರೆ ಬಿಚ್ಚಿ. ಹಾಲಿನ ಪ್ಯಾಕೆಟ್ಟಿನ ಮೂಲೆ ಪೂರ್ತಿ ಕತ್ತರಿಸಿದರೆ ಆ ಚೂರು ನೇರ ತರಕಾರಿ ಸಿಪ್ಪೆಯೊಳಗೆ ಸೇರುತ್ತದೆ. ಒಂದು ಕಡೆ ಅಂಟಿಕೊಂಡಿರುವಂತೆ ಸೀಳಿ, ಖಾಲಿಯಾದ ಮೇಲೆ ತೊಳೆದು ಒಣಗಿಸಿ ಒಣ ಕಸಕ್ಕೆ ಸೇರಿಸಿ.

ದೇವರ ಮನೆಯ ಹೂವು ಹಸಿ ಕಸವೇ, ದಾರ ಅಲ್ಲ. ಬಾಳೆ ನಾರಿನಲ್ಲಿ ಕಟ್ಟಿದ ಮಾಲೆ ಹಾಗೇ ಹೋಗಲಿ. ನೈಲಾನ್ ದಾರ, ಜರಿ ಸುತ್ತಿದ ಹಾರವಾದರೆ ದಾರ ಹಿಡಿದು ಹೂವು ಜಾರಿಸಿ. ಉದ್ದ ದಾರಗಳು ತಿರುಗುವ ಜರಡಿಯ ಕಂಬಿಗೆ ಸುತ್ತಿಕೊಂಡು ಯಂತ್ರ ನಿಲ್ಲಿಸುತ್ತವೆ. ಆಮೇಲೆ ಯಾರಾದರೂ ಕುಡುಗೋಲು ಹಿಡಿದು ಅದನ್ನು ಕೊಯ್ದು ತೆಗೆಯಬೇಕು. ಹೂವನ್ನು ಕಸಕ್ಕೆ ಹಾಕಲು ಮನಸ್ಸೊಪ್ಪದಿದ್ದರೆ ಬೇರೆ ಬುಟ್ಟಿಯಲ್ಲಿಟ್ಟು ಗಿಡದ ಬುಡಕ್ಕೆ ಹಾಕಿ. ಕವರ್ ಸಮೇತ ಕೆರೆಗೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಕರಿದ ಎಣ್ಣೆಯನ್ನು ಬಕೆಟ್‌ಗಾಗಲಿ ಸಿಂಕ್‌ಗಾಗಲಿ ಸುರಿಯಬಾರದು. ಬಕೆಟ್‌ನಲ್ಲಿ ಕಸದ ಚೂರುಗಳ ಮೇಲೆ ಪದರ ಕಟ್ಟಿ ಗಾಳಿಯಾಡದಂತೆ ಮಾಡುತ್ತದೆ, ಒಳಚರಂಡಿಯಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ. ಎರಡು ಮೂರು ಚಮಚವಾದರೆ ಪತ್ರಿಕೆ ಚೂರಿಗೆ ಹೀರಿಸಿ ಹಸಿ ಕಸಕ್ಕೆ ಹಾಕಿ. ಹೆಚ್ಚಿದ್ದರೆ ಬಾಟಲಿಯಲ್ಲಿ ತುಂಬಿ ಮುಚ್ಚಿ ಬೇರೆಯಾಗಿಯೇ ಕೊಡಿ.

ಡೈಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜ್ ಯಾವ ಬಕೆಟ್‌ಗೂ ಸೇರದವು. ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೈಗೆ ಕೊಡಿ. ಬಟನ್ ಸೆಲ್, ಸಿ.ಎಫ್.ಎಲ್. ಬಲ್ಬ್, ಹಳೆಯ ಔಷಧಿ, ಜಿರಳೆ ಮದ್ದಿನ ಡಬ್ಬಿ ಅಪಾಯಕಾರಿ ಕಸ. ಇವುಗಳ ಮೇಲೆ ಯಾಕಿಷ್ಟು ಕಟ್ಟುನಿಟ್ಟು ಎಂದರೆ, ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನಲ್ಲಿ ಸೀಸ ಕೆ.ಜಿ.ಗೆ 100 ಮಿ.ಗ್ರಾಂ, ಕ್ಯಾಡ್ಮಿಯಂ 5 ಮಿ.ಗ್ರಾಂ, ಪಾದರಸ 0.15 ಮಿ.ಗ್ರಾಂ ಮೀರಬಾರದು. ಕೊಳೆಯುವಾಗ ರಾಶಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಹಾಗಾಗಿ ಕಸದಲ್ಲಿದ್ದುದಕ್ಕಿಂತ ಗೊಬ್ಬರದಲ್ಲಿ ಅದರ ಪ್ರಮಾಣ ಏರುತ್ತದೆ. ಒಂದು ಲೋಡಿನೊಳಗೆ ಒಡೆದ ನಾಲ್ಕು ಸೆಲ್ಲುಗಳು ಸಾಕು, ಇಡೀ ರಾಶಿ ಅನುಮಾನಕ್ಕೆ ಒಳಗಾಗುತ್ತದೆ.

ಗಾಡಿಗೆ ಕೊಡುವಾಗ

ಬಕೆಟ್ಟನ್ನು ಕೈಯಾರೆ ಕೊಡಿ, ಗಾಡಿಯ ಹಸಿ ಕಸದ ಭಾಗಕ್ಕೆ ಸುರಿಯುವುದನ್ನು ನೋಡಿ, ಬಕೆಟ್ ವಾಪಸ್ ತೆಗೆದುಕೊಳ್ಳಿ. ಗೇಟಿಗೆ ಕವರ್ ನೇತುಹಾಕಿ ಕೆಲಸಕ್ಕೆ ಹೋಗುವ ಅಭ್ಯಾಸವೇ ಬೀದಿಯ ಅರ್ಧ ಕಸಕ್ಕೆ ಕಾರಣ. ನಾಯಿ ಎಳೆಯುತ್ತದೆ, ಬೀಡಾಡಿ ದನ ಕವರ್ ಸಮೇತ ನುಂಗುತ್ತದೆ. ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದಾದರೆ ಪಕ್ಕದ ಮನೆಯವರಿಗೆ ಬಕೆಟ್ ಒಪ್ಪಿಸಿ, ಸಂಜೆ ತೊಳೆದು ತಂದುಕೊಳ್ಳಿ. ಬಾಡಿಗೆ ಮನೆಗಳ ವಠಾರದಲ್ಲಿ ಮೂರು ನಾಲ್ಕು ಮನೆ ಸೇರಿ ವಾರಕ್ಕೊಬ್ಬರಂತೆ ಸರದಿ ಮಾಡಿಕೊಂಡರೆ ಇನ್ನೂ ಸಲೀಸು.

ಒಣ ಕಸವನ್ನು ದಿನವೂ ತೆಗೆದುಕೊಳ್ಳುತ್ತಾರೋ ವಾರದಲ್ಲಿ ಇಂಥ ದಿನ ಮಾತ್ರವೋ ಎಂಬುದನ್ನು ನಿಮ್ಮ ಬೀದಿಯ ಗಾಡಿಯವರನ್ನೇ ಕೇಳಿ. ವಾರ್ಡಿಂದ ವಾರ್ಡಿಗೆ ವ್ಯತ್ಯಾಸವಿರುತ್ತದೆ.

‘ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೆ ಸುರಿಯುತ್ತಾರೆ’ ಎಂಬ ದೂರು ಎಲ್ಲ ಊರಿನಲ್ಲೂ ಇದೆ, ಸುಳ್ಳೂ ಅಲ್ಲ. ಕೆಲವು ಸಲ ಹಸಿ ಕಸದ ಭಾಗ ತುಂಬಿರುತ್ತದೆ, ಕೆಲವು ಸಲ ಹಿಂದಿನ ಹತ್ತು ಮನೆಯವರು ಬೆರೆಸಿಯೇ ಕೊಟ್ಟಿರುತ್ತಾರೆ. ಜಗಳಕ್ಕೆ ಇಳಿಯುವುದರಿಂದ ಏನೂ ಆಗದು. ಗಾಡಿಯ ನಂಬರ್, ದಿನ, ಹೊತ್ತು ಬರೆದುಕೊಂಡು, ಸಾಧ್ಯವಾದರೆ ಒಂದು ಫೋಟೋ ಸಮೇತ, ನಗರಸಭೆಯ ಆರೋಗ್ಯ ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸಿ. ಬೀದಿಯ ಎಂಟು ಹತ್ತು ಮನೆಯವರು ಸೇರಿ ಸಹಿ ಹಾಕಿದ ಪತ್ರಕ್ಕೆ ಒಬ್ಬರ ಫೋನ್ ಕರೆಗಿಂತ ತೂಕ ಹೆಚ್ಚು. ಇಡೀ ಬೀದಿ ಬೇರೆ ಮಾಡಿ ಕೊಡುತ್ತಿದ್ದರೆ ಬೆರೆಸಲು ನೆಪವೂ ಇರುವುದಿಲ್ಲ.

ಬಕೆಟ್ ಖಾಲಿಯಾದ ಕೂಡಲೇ ಅರ್ಧ ಚೊಂಬು ನೀರು ಹಾಕಿ ಕುಲುಕಿ ಚೆಲ್ಲಿ, ಬಿಸಿಲಿಗೆ ಬೋರಲು ಹಾಕಿ. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಬಕೆಟ್‌ನೊಳಗೆ ಉಳಿಯಬಾರದು, ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಅವು ಕೊಲ್ಲುತ್ತವೆ.

ನೀರು ಯಾಕೆ ಇಷ್ಟು ದೊಡ್ಡ ಮಾತು

ಗೊಬ್ಬರ ಮಾಡುವ ಘಟಕದಲ್ಲಿ ಹಸಿ ಕಸವನ್ನು ಉದ್ದ ಸಾಲು ರಾಶಿಗಳಾಗಿ ಹಾಕುತ್ತಾರೆ. ಒಳಗೆ ಸೂಕ್ಷ್ಮಜೀವಿಗಳು ಕೆಲಸ ಹಿಡಿದರೆ ಕೆಲವೇ ದಿನಗಳಲ್ಲಿ ರಾಶಿಯ ಬಿಸಿ 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. 55 ಡಿಗ್ರಿಗಿಂತ ಮೇಲೆ ಮೂರು ದಿನ ನಿಂತರೆ ರೋಗಾಣು, ನೊಣದ ಮೊಟ್ಟೆ, ಕಳೆ ಬೀಜಗಳು ಬಹುತೇಕ ಸಾಯುತ್ತವೆ. ವಾರಕ್ಕೊಮ್ಮೆ ಮಗುಚಿ, ಐದಾರು ವಾರ ಕಳೆದ ಮೇಲೆ ಜರಡಿ ಹಿಡಿಯುತ್ತಾರೆ. ಸಿದ್ಧ ನಗರ ಕಾಂಪೋಸ್ಟಿನ ನೂರಕ್ಕೆ 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕೆಂಬ ನಿಯಮವಿದೆ. ಬಂದ ಹಸಿ ಕಸದ ತೂಕದಲ್ಲಿ ಕೊನೆಗೆ ಗೊಬ್ಬರವಾಗಿ ಸಿಗುವುದು ಐದರಲ್ಲೊಂದು ಪಾಲು, ಮಿಕ್ಕದ್ದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ.

ಈ ಬಿಸಿ ಏರಬೇಕಾದರೆ ರಾಶಿಯಲ್ಲಿ ತೇವ ನೂರಕ್ಕೆ 50ರಿಂದ 60 ಇರಬೇಕು. ಮನೆಗಳಿಂದ ಬರುವ ಅಡುಗೆ ಕಸದಲ್ಲಿ ನೀರಿನ ಅಂಶ 70, 80ರವರೆಗೂ ಇರುತ್ತದೆ. ಹೆಚ್ಚಾದ ನೀರು ಚೂರುಗಳ ನಡುವಿನ ಸಂದು ತುಂಬುತ್ತದೆ, ಗಾಳಿ ಹೋಗಲು ಜಾಗವಿರದು. ಗಾಳಿಯಿಲ್ಲದ ಕಡೆ ಬದುಕುವ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆ. ಬಿಸಿ ಏರುವುದಿಲ್ಲ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಮೀಥೇನ್ ಹುಟ್ಟುತ್ತದೆ, ಕಪ್ಪು ನೀರು ಹರಿದು ನೆಲಕ್ಕಿಳಿಯುತ್ತದೆ. ಕಸದ ಘಟಕದ ಅಕ್ಕಪಕ್ಕದ ಹಳ್ಳಿಯವರು ವಾಸನೆ, ನೊಣ ಅಂತ ಗೋಳಾಡುವುದರ ಮೂಲ ಇಲ್ಲಿದೆ. ನಮ್ಮ ಸಿಂಕ್ ಪಕ್ಕದ ತೂತಿನ ಬುಟ್ಟಿ ಅಲ್ಲಿಯ ಕೆಲಸದ ಮೊದಲ ಹಂತ ಎಂದೇ ಲೆಕ್ಕ ಹಿಡಿಯಬೇಕು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ತೊಂದರೆ. ಬಕೆಟ್ ಒಣಗುವುದಿಲ್ಲ, ಮತ್ತು ಹಲಸು ಮನೆ ತುಂಬುತ್ತದೆ. ಬಕೆಟ್ಟನ್ನು ಮಳೆ ಬೀಳುವ ಕಡೆ ಇಡಬೇಡಿ, ಸೂರಿನಡಿ ಇಟ್ಟಿಗೆಯ ಮೇಲೆ ಇಡಿ. ಹೊಟ್ಟನ್ನು ತಳಕ್ಕೆ ಒಂದು ಹಿಡಿ ಹಾಕುತ್ತಿದ್ದವರು ಈಗ ಪ್ರತಿ ದಿನದ ಕಸದ ಮೇಲೂ ಒಂದೊಂದು ಹಿಡಿ ಉದುರಿಸಿ. ಹೊಟ್ಟಿನ ಚೀಲ ನೆಲಕ್ಕೆ ತಾಗಿದ್ದರೆ ಥಂಡಿ ಹೀರಿ ಬೂಷ್ಟು ಹಿಡಿಯುತ್ತದೆ, ಅಟ್ಟದ ಮೇಲೋ ಒಲೆಯ ಹತ್ತಿರವೋ ಇರಲಿ.

ಹಲಸಿನ ಸಿಪ್ಪೆ, ದಿಂಡುಗಳನ್ನು ಅಂಗೈ ಅಗಲದ ತುಂಡು ಮಾಡಿ ಒಂದು ರಾತ್ರಿ ಸೂರಿನಡಿ ಹರಡಿ, ಮೇಣ ಒಣಗುತ್ತದೆ, ತೂಕವೂ ಇಳಿಯುತ್ತದೆ. ಇಡೀ ಹಣ್ಣಿನ ಸಿಪ್ಪೆ ಒಂದೇ ದಿನ ಕೊಟ್ಟರೆ ನಿಮ್ಮ ಒಂದು ಮನೆಯಿಂದಲೇ ಹತ್ತು ಕೆ.ಜಿ. ದಾಟೀತು. ದನ ಇರುವವರು ಕೇಳಿಕೊಂಡು ಬಂದರೆ ಕೊಟ್ಟುಬಿಡಿ, ಗಾಡಿಗಿಂತ ಒಳ್ಳೆಯ ದಾರಿ ಅದು. ಅವರೆಕಾಯಿ ಕಾಲದಲ್ಲಿ ಬುಟ್ಟಿಗಟ್ಟಲೆ ಬೀಳುವ ಸಿಪ್ಪೆಗೂ ಇದೇ ಉಪಾಯ.

ಬಕೆಟ್‌ನಲ್ಲಿ ಬಿಳಿ ಹುಳ ಕಂಡರೆ ಅದು ನೊಣ ಮೊಟ್ಟೆಯಿಟ್ಟು ಒಂದೆರಡು ದಿನ ಕಳೆದಿರುವುದರ ಗುರುತು. ಮುಚ್ಚಳ ಸಡಿಲವಿದೆ ಅಥವಾ ಕಸ ದಿನಗಟ್ಟಲೆ ಕೂತಿದೆ. ಕುದಿಯುವ ನೀರು ಸುರಿಯುವ ಆಸೆ ಬಿಡಿ, ಕಸ ಇನ್ನಷ್ಟು ಒದ್ದೆಯಾಗುತ್ತದೆ. ಎರಡು ಹಿಡಿ ಹೊಟ್ಟು ಹಾಕಿ ಮೇಲೆ ಪತ್ರಿಕೆ ಮುಚ್ಚಿ ಮರುದಿನ ಗಾಡಿಗೆ ಕೊಡಿ. ಹುಳಿ ವಾಸನೆ ಬಂದರೆ ಅನ್ನ ಹುದುಗುತ್ತಿದೆ ಎಂದರ್ಥ, ಅಂಥ ದೊಡ್ಡ ಅಪಾಯವಿಲ್ಲ.

ಹಬ್ಬ, ಮದುವೆ, ತಿಥಿ

ಆಯುಧ ಪೂಜೆಯ ಮರುದಿನ ಬೀದಿಗಳಲ್ಲಿ ಬೀಳುವ ಬೂದುಗುಂಬಳ, ಬಾಳೆಕಂದು, ಚೆಂಡು ಹೂವು ವರ್ಷದ ಯಾವ ದಿನಕ್ಕಿಂತಲೂ ಹೆಚ್ಚು. ಕುಂಬಳಕಾಯಿಯೊಳಗೆ ಹಾಕಿದ ನಾಣ್ಯ ತೆಗೆದುಕೊಂಡು, ಹೋಳುಗಳನ್ನು ರಸ್ತೆಯಿಂದ ಆಚೆಗೆ ಕೂಡಿಡಿ, ಬೈಕ್ ಜಾರುವುದೂ ತಪ್ಪುತ್ತದೆ. ಬಾಳೆಕಂದನ್ನು ಒಂದಡಿ ಉದ್ದಕ್ಕೆ ಕೊಚ್ಚಿ ಎರಡು ದಿನ ಬಾಡಿಸಿ ಕೊಟ್ಟರೆ ಗಾಡಿಯಲ್ಲಿ ಹಿಡಿಯುತ್ತದೆ.

ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವಾದರೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಬೇರೆ ಮಾಡಿ ಒಪ್ಪಿಸಬೇಕು ಎಂದು 2016ರ ನಿಯಮ ಹೇಳಿತ್ತು. ಇದು ತಿಳಿದವರು ಕಡಿಮೆ, ಛತ್ರದವರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುತ್ತಾರೆ. ಲೆಕ್ಕ ಹೀಗೆ ಹಾಕಿ: ಒಂದು ಊಟದೆಲೆಗೆ, ಅದರಲ್ಲಿ ಬಿಟ್ಟದ್ದೂ ಸೇರಿ, 200 ಗ್ರಾಂ. 300 ಜನರ ಊಟಕ್ಕೆ 60 ಕೆ.ಜಿ. ಎಲೆ ಜಾಗ ತಿನ್ನುತ್ತದಾದ್ದರಿಂದ 50 ಲೀಟರಿನ ನಾಲ್ಕು ಡ್ರಮ್ ಬೇಕು. ಅಡುಗೆ ಮನೆಯ ಸಿಪ್ಪೆಗೆ ಒಂದು ಬೇರೆ.

ಎಲ್ಲ ಕೆಡುವುದು ಎಲೆ ಎತ್ತುವ ಹೊತ್ತಿನಲ್ಲಿ. ಮೇಜಿನ ಪೇಪರ್ ರೋಲನ್ನು ಎಲೆ, ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು, ಚಮಚ ಎಲ್ಲದರ ಸಮೇತ ಒಂದೇ ಸಲ ಸುತ್ತಿ ಎಸೆಯುವುದು ವಾಡಿಕೆ. ಎಲೆ ಎತ್ತುವವರಿಗೆ ಮೊದಲ ಪಂಕ್ತಿಗೆ ಮುಂಚೆಯೇ ಹೇಳಿಡಿ: ಮೊದಲು ಒಬ್ಬರು ಬಾಟಲಿ, ಕಪ್ಪು, ಚಮಚ ಆರಿಸುತ್ತ ಹೋಗಬೇಕು, ಹಿಂದೆ ಇನ್ನೊಬ್ಬರು ಎಲೆ ಮಡಚಿ ಡ್ರಮ್ಮಿಗೆ, ಕೊನೆಗೆ ರೋಲ್. ಪಂಕ್ತಿಗೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ನೀರಿಗೆ ಸ್ಟೀಲ್ ಲೋಟ ಇಟ್ಟರೆ ಮೊದಲನೆಯವರ ಕೆಲಸವೇ ಅರ್ಧ ಇಲ್ಲ.

ಉಳಿದ ಅನ್ನ, ಪಾಯಸವನ್ನು ದನಕ್ಕೆ ಸುರಿಯುವುದು ಪುಣ್ಯದ ಕೆಲಸ ಎಂದು ಬಹಳ ಜನ ನಂಬಿದ್ದಾರೆ. ಹಸುವಿನ ಹೊಟ್ಟೆ ಹುಲ್ಲಿಗಾಗಿ ಇರುವುದು. ಒಂದೇ ಸಲ ಬುಟ್ಟಿಗಟ್ಟಲೆ ಅನ್ನ, ಸಿಹಿ ತಿಂದರೆ ಹೊಟ್ಟೆಯೊಳಗೆ ಅದು ಬೇಗ ಹುದುಗಿ ಆಮ್ಲ ಏರುತ್ತದೆ, ಮೆಲುಕು ನಿಲ್ಲುತ್ತದೆ, ಒಂದೆರಡು ದಿನದಲ್ಲಿ ಹಸು ಸಾಯಲೂಬಹುದು. ಕಲಗಚ್ಚಿನಲ್ಲಿ ಒಂದು ಮುಷ್ಟಿ ಅನ್ನ ಬೇರೆ ಮಾತು. ತಿನ್ನಲು ಯೋಗ್ಯವಾದದ್ದನ್ನು ಬಿಸಿಯಿರುವಾಗಲೇ ಜನರಿಗೆ ತಲುಪಿಸಿ, ಎಲೆಯಲ್ಲಿ ಬಿಟ್ಟದ್ದು ಗೊಬ್ಬರಕ್ಕೆ ಹೋಗಲಿ.

ಗಾಡಿ ಬಾರದ ಕಡೆ, ತೋಟದ ಮನೆ, ಹೋಂಸ್ಟೇ

ಗ್ರಾಮ ಪಂಚಾಯಿತಿಗಳ ಕಸದ ಗಾಡಿ, ಅಂದರೆ ಸ್ವಚ್ಛ ವಾಹಿನಿ, ಸಾಮಾನ್ಯವಾಗಿ ಒಣ ಕಸಕ್ಕಾಗಿ ಬರುವಂಥದ್ದು. ಆ ಕಸ ಪಂಚಾಯಿತಿಯ ಕಸದ ಘಟಕವಾದ ಸ್ವಚ್ಛ ಸಂಕೀರ್ಣಕ್ಕೆ ಹೋಗಿ ಅಲ್ಲಿ ವಿಂಗಡಣೆಯಾಗುತ್ತದೆ. ಹಸಿ ಕಸವನ್ನು ಮನೆಯವರೇ ನೋಡಿಕೊಳ್ಳಬೇಕು. ಹಿಂದೆಯೂ ತಿಪ್ಪೆ ಇದ್ದೇ ಇತ್ತಲ್ಲ.

ಜಿಲ್ಲೆ ಒಂದೇ ಆದರೂ ವಿಧಾನ ಒಂದೇ ಅಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನಲ್ಲಿ ಗುಂಡಿ ಒಳ್ಳೆಯದು. ಉದ್ದಗಲ 3 ಅಡಿ, ಆಳ ಎರಡೂವರೆ ಅಡಿಯ ಎರಡು ಗುಂಡಿ, ಸುತ್ತ ಅರ್ಧ ಅಡಿ ಮಣ್ಣಿನ ಬದು. ನಾಲ್ಕು ಜನರ ಮನೆಗೆ ಒಂದು ಗುಂಡಿ ಆರು ತಿಂಗಳಿಗೂ ಹೆಚ್ಚು ಬರುತ್ತದೆ. ಅದು ತುಂಬಿದ ಮೇಲೆ ಮಣ್ಣು ಮುಚ್ಚಿ ಎರಡನೆಯದನ್ನು ಶುರು ಮಾಡಿ. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಕಸ ಒಣಗಿ ನಿಂತುಬಿಡುತ್ತದೆ, ವಾರಕ್ಕೊಂದು ಬಿಂದಿಗೆ ನೀರು ಚಿಮುಕಿಸಿ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಗುಂಡಿ ತೋಡಿದರೆ ಜುಲೈನಲ್ಲಿ ಅದರ ತುಂಬ ನೀರು. ಅಲ್ಲಿ ನೆಲದ ಮೇಲೇ, ಶೀಟಿನ ಮಾಡಿನಡಿ, 3 ಅಡಿ ಅಗಲದ ಇಟ್ಟಿಗೆ ತೊಟ್ಟಿ ಕಟ್ಟಿ. ಇಟ್ಟಿಗೆಗಳ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟು, ಒಳಮೈಗೆ ಇಲಿ ನುಗ್ಗದ ಹಾಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಕೂರಿಸಿ. ಎಲ್ಲೇ ಆಗಲಿ ಬಾವಿಯಿಂದ ದೂರವಿರಲಿ.

ಹಾಕುವ ಕ್ರಮ ಎರಡಕ್ಕೂ ಒಂದೇ. ತಳಕ್ಕೆ ಅರ್ಧ ಅಡಿ ಕಡ್ಡಿ, ತರಗು. ಒಂದು ಬುಟ್ಟಿ ಹಸಿ ಕಸಕ್ಕೆ ಅಷ್ಟೇ ಅಳತೆಯ ಒಣ ಎಲೆ ಅಥವಾ ಹೊಟ್ಟು. ವಾರಕ್ಕೊಮ್ಮೆ ಒಂದು ಚೊಂಬು ಸಗಣಿ ನೀರು ಇಲ್ಲವೇ ಹುಳಿ ಮಜ್ಜಿಗೆ, ಹತ್ತು ದಿನಕ್ಕೊಮ್ಮೆ ಕೋಲಿನಿಂದ ಕೆದಕುವುದು. ಸಿಲ್ವರ್ ಓಕ್ ಎಲೆ, ಕಾಫಿ ಹೊಟ್ಟು ಎರಡೂ ಗಡಸು, ನಿಧಾನಕ್ಕೆ ಕರಗುತ್ತವೆ. ಅವುಗಳ ಜೊತೆ ಹಲಸು, ಹಾಲುವಾಣದ ಎಲೆ ಬೆರೆಸಿದರೆ ಬೇಗ ಆಗುತ್ತದೆ. ಮೂತ್ರದಂಥ ಘಾಟು ಬಂದರೆ ಒಣದ್ದು ಕಡಿಮೆಯಾಗಿದೆ, ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಕಡಿಮೆಯಾಗಿದೆ. ಏನೂ ಆಗದೆ ಹಾಗೇ ಬಿದ್ದಿದ್ದರೆ ನೀರು ಸಾಲದು ಅಥವಾ ಹಸಿ ಕಸ ಸಾಲದು. ಮಾಂಸ, ಮೀನನ್ನು ಇದಕ್ಕೆ ಹಾಕದಿರುವುದು ಲೇಸು. ಕಾಡುಹಂದಿ, ನಾಯಿಗಳು ಒಮ್ಮೆ ರುಚಿ ಕಂಡರೆ ತೊಟ್ಟಿಯನ್ನೇ ಕೆಡವುತ್ತವೆ.

ಹೋಂಸ್ಟೇ ನಡೆಸುವವರಿಗೆ ಶನಿವಾರ, ಭಾನುವಾರದ ಕಸ ಉಳಿದ ಐದು ದಿನಕ್ಕಿಂತ ಹೆಚ್ಚು. ಒಂದೇ ತೊಟ್ಟಿಗೆ ಅಷ್ಟನ್ನೂ ಸೋಮವಾರ ಸುರಿದರೆ ಖಂಡಿತ ನಾರುತ್ತದೆ. ಮೂರು ತೊಟ್ಟಿ ಮಾಡಿಕೊಂಡು ಹಂಚಿ ಹಾಕಿ, ಫೆಬ್ರವರಿಯಿಂದಲೇ ತರಗೆಲೆಯನ್ನು ಗೋಣಿಯಲ್ಲಿ ತುಂಬಿಡಿ. ದಿನಕ್ಕೆ ಸರಾಸರಿ 100 ಕೆ.ಜಿ. ಮೀರಿ ಕಸ ಬರುವ ಹೋಟೆಲ್, ರೆಸಾರ್ಟ್‌ಗಳನ್ನು ನಿಯಮಗಳು ದೊಡ್ಡ ಪ್ರಮಾಣದ ಉತ್ಪಾದಕರೆಂದು ಬೇರೆಯೇ ಪರಿಗಣಿಸುತ್ತವೆ, ಹಸಿ ಕಸವನ್ನು ಸಾಧ್ಯವಾದಷ್ಟೂ ಅವರ ಆವರಣದಲ್ಲೇ ಗೊಬ್ಬರವೋ ಗೋಬರ್ ಗ್ಯಾಸೋ ಮಾಡಬೇಕು. ತೋಟದ ಮೂಲೆಯಲ್ಲಿ ಸುರಿದು ಬೆಂಕಿ ಹಚ್ಚುವುದಕ್ಕೆ ಯಾರಿಗೂ ಅನುಮತಿಯಿಲ್ಲ.

ಗೊಬ್ಬರ ಕೈಗೆ ಬಂದ ಮೇಲೆ

ಮನೆಯದ್ದಾಗಲಿ ಘಟಕದಿಂದ ತಂದದ್ದಾಗಲಿ, ಬಳಸುವ ಮೊದಲು ಪರೀಕ್ಷೆ ಮಾಡಿ. ಎರಡು ಹಿಡಿಯನ್ನು ಸ್ವಲ್ಪ ಒದ್ದೆ ಮಾಡಿ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಮೂರು ದಿನ ಇಡಿ. ತೆರೆದಾಗ ಮಣ್ಣಿನ ವಾಸನೆ ಬಂದರೆ ಆಗಿದೆ. ನಾತ ಬಂದರೆ, ಡಬ್ಬಿ ಬೆಚ್ಚಗಾಗಿದ್ದರೆ ಇನ್ನೂ ಕೊಳೆಯುತ್ತಿದೆ, ಎರಡು ಮೂರು ವಾರ ನೆರಳಲ್ಲಿ ಹರಡಿ. ಹಸಿ ಗೊಬ್ಬರ ಹಾಕಿದರೆ ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಇನ್ನೊಂದು ದಾರಿ: ಗೊಬ್ಬರ, ಮಣ್ಣು ಸಮ ಬೆರೆಸಿ ಹತ್ತು ಮೆಂತ್ಯ ಕಾಳು ಬಿತ್ತಿ, ಐದು ದಿನದಲ್ಲಿ ಎಂಟಾದರೂ ಮೊಳೆಯಬೇಕು. ನಾಲ್ಕೈದೇ ಬಂದರೆ ಉಪ್ಪು ಜಾಸ್ತಿಯಿದೆ ಅಥವಾ ಗೊಬ್ಬರ ಬಲಿತಿಲ್ಲ.

ಕುಂಡಕ್ಕೆ ಒಂದು ಪಾಲು ಗೊಬ್ಬರ, ಎರಡು ಪಾಲು ಮಣ್ಣು, ಒಂದು ಪಾಲು ಮರಳು ಅಥವಾ ನಾರಿನ ಪುಡಿ. ಬರೀ ಗೊಬ್ಬರದಲ್ಲಿ ನೆಟ್ಟರೆ ಬೇರು ಸುಡುತ್ತದೆ. ಗುಲಾಬಿ, ದಾಸವಾಳಕ್ಕೆ ತಿಂಗಳಿಗೆ ಎರಡು ಹಿಡಿ, ಬುಡದಿಂದ ಒಂದು ಗೇಣು ದೂರದಲ್ಲಿ ಹಾಕಿ ಮಣ್ಣು ಕೆದಕಿ. ಜೋರು ಮಳೆಯ ತಿಂಗಳುಗಳಲ್ಲಿ ಹಾಕಬೇಡಿ, ಸಾರವೆಲ್ಲ ತೊಳೆದು ಚರಂಡಿ ಸೇರುತ್ತದೆ. ಮಳೆ ಹಿಡಿತಕ್ಕೆ ಬಂದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಶುರು ಮಾಡಿ.